ಮಾರ್ಥಾಬಾಯಿಯ ಕುರುಬ

ಪವಾಡ, ದರ್ಶನ, ದೆವ್ವದ ಕಾಟ ಎಂಬ ಮಾತು ಬಂದರೆ ಸಾಕು, ನಾನು ಎದ್ದು ಹೋಗುತ್ತಿದ್ದೆ, ಇಲ್ಲವೆ ಕುಳಿತು ಹೇಳುವವರ ಕಾಲೆಳೆಯುತ್ತಿದ್ದೆ. ಹರೆಯದ ಸೊಕ್ಕು ಎನ್ನಿ. ಹುಕ್ಕೇರಿಯ ನಮ್ಮ ಓಣಿಯಲ್ಲಿ ಮುದುಕರೊಬ್ಬರು ಬಾವಿಯ ಹತ್ತಿರ ಬಿಳೀ ಸೀರೆಯ ಹೆಂಗಸನ್ನು ಕಂಡೆನೆಂದು ವಾರಗಟ್ಟಲೆ ಹೇಳುತ್ತಿದ್ದರು. ಅದು ಯಾರೋ ಒಣಹಾಕಿದ ಧೋತರ ಎಂದು ಎಲ್ಲರೆದುರು ತೋರಿಸಿ ಅವರ ಮುಖ ಸಣ್ಣದು ಮಾಡಿದವನು ನಾನೇ. ಈಗ ಅದಕ್ಕೆ ನಾಚಿಕೆಯಾಗುತ್ತದೆ. ಯಾಕೆಂದರೆ ನಾನು ಹೇಳಹೊರಟಿರುವುದನ್ನು ಓದಿ ನೀವೂ ನಗಬಹುದು, ನಕ್ಕರೆ ಬೇಡ ಎನ್ನುವ ಹಕ್ಕು ನನಗಿಲ್ಲ.

ಇಂಥ ಸಂಗತಿಗಳು ಅಮಾವಾಸ್ಯೆಯ ರಾತ್ರಿಯೇ ನಡೆಯಬೇಕೆಂಬುದು ಹೇಳುವವರ ರೂಢಿ. ನನಗಾದದ್ದು ಬೆಳಗಿನ ಎಂಟು ಗಂಟೆಯ ಸುಮಾರಿಗೆ. ನಿದ್ದೆಗಣ್ಣಿನಲ್ಲಿರಲಿಲ್ಲ, ಜ್ವರವಿರಲಿಲ್ಲ, ಕುಡಿಯುವ ಚಟವಂತೂ ನಮ್ಮ ಮನೆತನದಲ್ಲೇ ಇಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎರಡನೆಯ ಮಹಾಯುದ್ಧಕ್ಕೆ ನಾಲ್ಕೈದು ವರ್ಷ ಮೊದಲಿನ ಮಾತು. ಘೋಡಗೇರಿಯ ಕಡೆ, ಘಟಪ್ರಭೆಯ ದಂಡೆಯ ಒಂದು ಸಣ್ಣ ಹಳ್ಳಿಯಲ್ಲಿ ನಾನು ಕನ್ನಡ ಶಾಲೆಯ ಮಾಸ್ತರನಾಗಿದ್ದೆ. ನಾವು ಜೈನರು. ಅವ್ವ ಹೊತ್ತು ಮುಳುಗಿದ ಮೇಲೆ ಒಂದು ತುತ್ತನ್ನೂ ಬಾಯಿಗಿಡದವಳು, ಸೋಸದ ನೀರು ಕುಡಿಯದವಳು. ನನಗೆ ಬಸದಿಯ ನಂಟು ಹಬ್ಬಕ್ಕೆ ಮಾತ್ರ. ಆದರೂ ಮನೆಯಲ್ಲಿ ಕೇಳಿ ಬೆಳೆದ ಒಂದು ಮಾತು ರಕ್ತದಲ್ಲಿ ಇಳಿದಿತ್ತು. ಮಾಡಿದ ಕರ್ಮವನ್ನು ಉಂಡು ತೀರಿಸಬೇಕಾದವರು ನಾವೇ, ಮೇಲಿನಿಂದ ಯಾವ ದೇವರೂ ಇಳಿದು ಬಂದು ಕೈಹಿಡಿಯುವುದಿಲ್ಲ. ಇದನ್ನು ಹೇಳುವಾಗ ನನಗೆ ಒಂದು ಬಗೆಯ ಅಭಿಮಾನವೂ ಇರುತ್ತಿತ್ತು.

ನನ್ನ ಹೆಂಡತಿ ಪದ್ಮಾಳ ಮೊದಲ ಕೂಸು ಹುಟ್ಟುವಾಗಲೇ ತೀರಿಹೋಗಿತ್ತು. ಇದು ಎರಡನೆಯದು. ಅವಳಿಗೆ ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಹೆರಿಗೆ ನಮ್ಮ ಮನೆಯಲ್ಲೇ. ದೀಪಾವಳಿ ಕಳೆದು ಎಂಟು ದಿನವಾಗಿತ್ತು. ಬೇನೆ ಶುರುವಾಗಿ ಒಂದು ಹಗಲು, ಒಂದು ರಾತ್ರಿ ಕಳೆದರೂ ಕೂಸು ಹೊರಬರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಊರ ಸೂಲಗಿತ್ತಿ ಕೈ ತೊಳೆದುಕೊಂಡು ಹೊರಗೆ ಬಂದಳು.

"ಕೂಸ ಅಡ್ಡ ಐತ್ರಿ. ನನ್ನ ಕೈಲೆ ಆಗೂದಲ್ಲ ಇದು. ಹೊಳೀ ಆಚಿ ಕಿರಿಸ್ತಾನರ ನರ್ಸಬಾಯಿ ಅದಾಳಲ್ಲ, ಆಕೀನ್ನ ಕರಕೊಂಡ ಬರ್ರಿ. ತಡಾ ಮಾಡಿದ್ರ ಎರಡೂ ಜೀವ ಹೊಕ್ಕಾವ."

ನಾನು ಅವ್ವನ ಮುಖ ನೋಡಿದೆ. ಕ್ರೈಸ್ತರು ನಮ್ಮ ಹೊಸ್ತಿಲು ದಾಟಿದ್ದು ಆವರೆಗೆ ಇಲ್ಲ. ಅವ್ವ ಒಳಗಿನಿಂದ ಬರುತ್ತಿದ್ದ ನರಳಾಟವನ್ನು ಒಂದು ಗಳಿಗೆ ಕೇಳಿದಳು. ಆಮೇಲೆ, "ನನ್ನ ಮಾರಿ ಏನ ನೋಡತಿ? ಲಗೂ ಹೋಗ" ಎಂದು ಗದರಿಸಿದಳು.

ಅಂಬಿಗ ಮುದುಕಪ್ಪ ನನ್ನನ್ನು ದೋಣಿಯಲ್ಲಿ ಆಚೆ ದಾಟಿಸಿದ. "ತಿರಗಿ ಬಂದಾಗ ದಂಡೀ ಮ್ಯಾಲ ನಿಂತ ಒದರ್ರಿ, ಬರತೇನಿ" ಎಂದು ಹೇಳಿ ನಮ್ಮೂರ ಕಡೆಗೆ ಮರಳಿದ. ಆಗಿನ್ನೂ ಮಂಜು ತೆಳ್ಳಗಿತ್ತು. ಅಲ್ಲಿಂದ ಅರ್ಧ ಹರದಾರಿ ಓಡುತ್ತ ನಡೆಯುತ್ತ ಹೋಗಿ ಮಾರ್ಥಾಬಾಯಿಯ ಬಾಗಿಲು ಬಡಿದೆ.

ಮಾರ್ಥಾಬಾಯಿ ಆ ಸೀಮೆಗೆಲ್ಲ ಗೊತ್ತಿದ್ದ ಹೆಂಗಸು. ಐವತ್ತರ ಸುಮಾರು ವಯಸ್ಸು, ಗಿಡ್ಡ ಆಳು, ದಪ್ಪ ಗಾಜಿನ ಕನ್ನಡಕ. ಮೂಗಿಗೆ ತಪಕೀರು ಏರಿಸದೆ ಒಂದು ಮಾತೂ ಆಡಳು. ಪಾದ್ರಿಗಳ ದವಾಖಾನೆಯಲ್ಲಿ ಕೆಲಸ ಕಲಿತು ಬಂದು, ಹಳ್ಳಿಹಳ್ಳಿ ತಿರುಗಿ ಹೆರಿಗೆ ಮಾಡಿಸುತ್ತಿದ್ದಳು. ನಾನು ಏದುಸಿರು ಬಿಡುತ್ತ ಅರ್ಧ ಹೇಳುವಷ್ಟರಲ್ಲಿ ಅವಳು ತನ್ನ ತಗಡಿನ ಪೆಟ್ಟಿಗೆಯನ್ನು ನನ್ನ ತಲೆಯ ಮೇಲಿಟ್ಟಾಗಿತ್ತು. ಕದ ಮುಚ್ಚುವ ಮೊದಲು ಒಂದು ನಿಮಿಷ ಕಣ್ಣು ಮುಚ್ಚಿ ನಿಂತಳು, ತುಟಿ ಅಲುಗಿದವು. ನನಗೆ ಸಿಟ್ಟು ಬಂತು. ಒಂದು ನಿಮಿಷವೂ ಆಗ ನನಗೆ ದೊಡ್ಡದು.

ದಾರಿಯಲ್ಲಿ ನಾನು ಸುಮ್ಮನಿರಲಾರದೆ ಬಡಬಡಿಸುತ್ತಿದ್ದೆ. ಪದ್ಮಾ ಉಳಿದಾಳೇ, ಹೋದ ಸಲದ ಹಾಗೆ ಆದರೆ ಏನು ಗತಿ, ನಾವು ಹೋಗುವವರೆಗೆ ಜೀವ ಹಿಡಿದಾಳೇ ಎಂದು. ಅವಳು ಒಂದೇ ಹದದಲ್ಲಿ ಹೆಜ್ಜೆ ಹಾಕುತ್ತ ಬಂದಳು. ಅವಳ ಆ ಸಮಾಧಾನ ಕಂಡು ನನಗೆ ಇನ್ನಷ್ಟು ಉರಿಯಿತು. "ಬಾಯಾರ, ನಿಮಗ ಅಂಜಿಕಿ ಅನ್ನೂದ ಗೊತ್ತಿಲ್ಲೇನ್ರಿ?" ಎಂದು ಕೇಳಿಯೂ ಬಿಟ್ಟೆ.

"ಗೊತ್ತಿತ್ರಿ ಮಾಸ್ತರ" ಎಂದಳು. "ಪ್ಲೇಗಿನ್ಯಾಗ ಒಂದ ವಾರದಾಗ ಗಂಡನ್ನ, ಎರಡ ಮಕ್ಕಳನ್ನ ಮಣ್ಣ ಮಾಡಿದೆ. ಹೊಳಿಗಿ ಬೀಳಾಕ ಹೋಗಿದ್ದೆ. ಆವಾಗ ಪ್ರಭೂನ ಮುಂದ ಕುಂತ ಹೇಳೇನಿ, ಇನ್ನ ನಂದೇನಿಲ್ಲಪಾ, ನೀ ಎಲ್ಲಿ ನಡಿ ಅಂತಿ ಅಲ್ಲಿ ನಡಿತೇನಿ ಅಂತ. ಅವತ್ತಿನಿಂದ ನಿದ್ದಿ ಬರತೈತಿ ನೋಡ್ರಿ."

ನಾನು ತಲೆಯ ಮೇಲಿನ ಪೆಟ್ಟಿಗೆ ಸರಿಮಾಡಿಕೊಂಡು ಹೆಜ್ಜೆ ಚುರುಕು ಮಾಡಿದೆ. ಮೂರು ಜೀವ ಮಣ್ಣು ಮಾಡಿದವಳ ಮುಂದೆ ವಾದ ಹೂಡುವಷ್ಟು ಒರಟ ನಾನಾಗಿರಲಿಲ್ಲ.

ಹೊಳೆಯ ದಂಡೆಗೆ ಬರುವ ಹೊತ್ತಿಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ನನ್ನ ಕಾಲಬೆರಳೇ ನನಗೆ ಮಸುಕಾಗಿ ಕಾಣುತ್ತಿತ್ತು. ಬೆಳಕೇನೋ ಇತ್ತು, ಹಾಲಿನಲ್ಲಿ ನಿಂತ ಹಾಗೆ. ನಾನು ಅಂಬಿಗನ ಹೆಸರು ಹಿಡಿದು ಕೂಗಿದೆ. ಗಂಟಲು ಹರಿಯುವಂತೆ ಕೂಗಿದೆ. ಉತ್ತರವಿಲ್ಲ. ಮಾರ್ಥಾಬಾಯಿ ಸೊಂಟದ ಗಡಿಯಾರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಮತ್ತೆ ಕೂಗಿದೆವು, ಕಾದೆವು. ಕಾಲು ಗಂಟೆ ಹೋಯಿತು.

ಅಲ್ಲಿ ಬೇಸಿಗೆಯಲ್ಲಿ ಜನ ಹೊಳೆಯಲ್ಲಿ ನಡೆದೇ ದಾಟುತ್ತಾರೆಂದು ನನಗೆ ಗೊತ್ತಿತ್ತು. ನಾನು ಮಾತ್ರ ಒಮ್ಮೆಯೂ ದಾಟಿದವನಲ್ಲ. ದಾರಿಯ ಎರಡೂ ಬದಿಗೆ ಆಳದ ಮಡುವಿದೆ, ಹಿಂದಿನ ವರ್ಷ ಜೋಡೆತ್ತಿನ ಬಂಡಿಯೊಂದು ಅಲ್ಲಿ ಮುಳುಗಿತ್ತು ಎಂಬುದೂ ಗೊತ್ತಿತ್ತು. ಈಗ ಕಾರ್ತಿಕ, ಹೊಳೆಯ ಮೇಲ್ಗಡೆ ಹಿಡಕಲ್ಲಿನ ಕಡೆ ನಾಲ್ಕು ದಿನದ ಕೆಳಗೆ ಮಳೆಯಾಗಿತ್ತು. ನೀರಿಗಿಳಿಯುವುದು ಹುಚ್ಚುತನ. ಇಳಿಯದಿದ್ದರೆ ಪದ್ಮಾ ಸಾಯುತ್ತಾಳೆ. ನಾನು ಪೆಟ್ಟಿಗೆ ಹೊತ್ತು ದಂಡೆಯ ಮೇಲೆ ನಿಂತು ಅಳತೊಡಗಿದೆ. ಹೇಳಿಕೊಳ್ಳಲು ಸಂಕೋಚವಿಲ್ಲ, ಅತ್ತೆ.

ಮಾರ್ಥಾಬಾಯಿ ಕನ್ನಡಕ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ಸೀರೆ ಎತ್ತಿ ಕಟ್ಟಿದಳು. ನನ್ನ ಅಂಗಿಯ ಹಿಂದಿನ ಚುಂಗು ಹಿಡಿದಳು.

"ನಡೀರಿ ಮಾಸ್ತರ. ನನ್ನ ಕುರುಬ ಮುಂದ ಹೊಂಟಾನ. ಅವನ ಹಿಂದ ನಡದ್ರಾತು."

ನಾನು ತಲೆಯೆತ್ತಿ ನೋಡಿದೆ. ಹೌದು, ಎರಡು ಮಾರು ಮುಂದೆ ನೀರಿನಲ್ಲಿ ಒಬ್ಬ ಕುರುಬ ನಿಂತಿದ್ದ.

ತಲೆಯ ಮೇಲಿಂದ ಕರೀ ಕಂಬಳಿ ಕೊಪ್ಪೆ ಹಾಕಿಕೊಂಡಿದ್ದ. ಬಲಗಡೆ ಕೋಲು. ಬೆನ್ನು ನನ್ನ ಕಡೆಗಿತ್ತು. ನನಗೆ ಆಶ್ಚರ್ಯವೇ ಆಗಲಿಲ್ಲ, ಇದನ್ನು ನೀವು ಲಕ್ಷ್ಯಗೊಟ್ಟು ಕೇಳಬೇಕು. ಆ ದಂಡೆಯ ಮೇಲೆ ಕುರಿದಡ್ಡಿಗಳಿದ್ದವು, ಕುರುಬರು ದಿನ ಬೆಳಗಾದರೆ ಕಾಣುವವರು. ಹಳ್ಳಿ ತಿರುಗುವ ನರ್ಸಬಾಯಿಗೆ ದಾರಿ ತೋರಿಸುವ ಒಬ್ಬ ಗುರುತಿನ ಕುರುಬನಿರುವುದು ಸಹಜ, ಅವನು ಹೊತ್ತಿಗೆ ಸರಿಯಾಗಿ ಬಂದಿದ್ದಾನೆ ಎಂದುಕೊಂಡೆ. ಎದೆಯ ಮೇಲಿನ ಚಪ್ಪಡಿ ಸರಿದಂತಾಯಿತು. ನಾನು ನೀರಿಗಿಳಿದೆ.

ಅವನು ಅವಸರ ಮಾಡಲಿಲ್ಲ. ನಾನು ನಿಂತರೆ ನಿಲ್ಲುತ್ತಿದ್ದ, ನಡೆದರೆ ನಡೆಯುತ್ತಿದ್ದ. ನೀರು ಮೊಳಕಾಲಿಗೆ ಬಂತು, ತೊಡೆಗೆ ಬಂತು. ಕಾಲಡಿಯಲ್ಲಿ ಜಾರುವ ಕಲ್ಲು. ಹೊಳೆಯ ನಡುವೆ ಅವನು ಸುಮ್ಮನೆ ನಿಂತುಬಿಟ್ಟ. ಕೋಲಿನಿಂದ ಕಲ್ಲಿಗೆ ಎರಡು ಸಲ ಬಡಿದ. ಟಣ್ ಟಣ್ ಎಂದು ನೀರಿನ ಸದ್ದಿನ ಮೇಲೆ ನನಗೆ ಸ್ಪಷ್ಟವಾಗಿ ಕೇಳಿತು. ಆಮೇಲೆ ಎಡಕ್ಕೆ, ನೀರು ಬರುವ ದಿಕ್ಕಿಗೆ ಹೊರಳಿದ. ನೇರ ಹೋಗುವುದನ್ನು ಬಿಟ್ಟು ಇವನೇಕೆ ಎಡಕ್ಕೆ ಹೋಗುತ್ತಾನೆ ಎನಿಸಿದರೂ ಹಿಂದೆ ಹೋದೆ. ಸೊಂಟದವರೆಗೆ ಬಂದ ನೀರು ಅಲ್ಲಿಂದ ಇಳಿಯತೊಡಗಿತು. ಬೆನ್ನ ಹಿಂದೆ ಮಾರ್ಥಾಬಾಯಿ ಅಂಗಿ ಬಿಗಿಯಾಗಿ ಹಿಡಿದಿದ್ದಳು.

ನಮ್ಮೂರ ದಂಡೆ ಹತ್ತಿದಾಗ ಅವನು ಮುಂದೆ ಏರು ಹತ್ತಿ ಮಂಜಿನಲ್ಲಿ ಮರೆಯಾದ. "ತಡಿಯಪಾ" ಎನ್ನಬೇಕೆಂದುಕೊಂಡೆ. ಆದರೆ ಆಗ ನನಗೆ ಮನೆಯ ಹೊರತು ಬೇರೆ ಧ್ಯಾಸವಿರಲಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. ಮಾರ್ಥಾಬಾಯಿ ಒಳಗೆ ಹೋದಳು. ಕದದಾಚೆ ಅವಳ ದನಿ ಏರದೆ ಇಳಿಯದೆ ನಡೆದೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಕೂಸು ಅತ್ತಿತು. ಹೆಣ್ಣು. ಪದ್ಮಾ ಹಣ್ಣಾಗಿದ್ದಳು, ಆದರೆ ಬದುಕಿದ್ದಳು. ಅವ್ವ ತಾನೇ ಮುಂದಾಗಿ ಮಾರ್ಥಾಬಾಯಿಗೆ ಅಡುಗೆಮನೆಯ ಬಾಗಿಲಲ್ಲಿ ಎಲೆ ಹಾಕಿ ಬಡಿಸಿದಳು. ಪದ್ಮಾ ಆಮೇಲೆ ನನಗೆ ಹೇಳಿದ್ದು ಒಂದೇ ಮಾತು: "ಆಕಿ ನನ್ನ ಹಣೀ ಮ್ಯಾಲ ಕೈ ಇಟ್ಟಳು ನೋಡ್ರಿ, ಸಾಯೂ ಅಂಜಿಕಿ ಹಂಗ ಹೋತು."

ಎರಡು ವಾರದ ನಂತರ, ಕೂಸಿಗೆ ಹೆಸರಿಟ್ಟ ಮೇಲೆ, ನನಗೆ ಕುರುಬನ ನೆನಪಾಯಿತು. ಒಂದು ಹೊಸ ರುಮಾಲು, ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ತೆಗೆದುಕೊಂಡು ಹೊರಟೆ. ದೋಣಿಯಲ್ಲಿ ಮುದುಕಪ್ಪನಿಗೆ ಆ ದಿನದ ಕಥೆ ಹೇಳಿದರೆ ಅವನು ಹುಟ್ಟು ಹಾಕುವುದನ್ನೇ ನಿಲ್ಲಿಸಿದ. ಆ ಬೆಳಗ್ಗೆ ಅವನಿಗೆ ನಮ್ಮ ಕೂಗು ಕೇಳಿತ್ತಂತೆ, ಆದರೆ ಮಂಜಿನಲ್ಲಿ ದಿಕ್ಕು ತಪ್ಪಿ ದೋಣಿಯನ್ನು ಬಹಳ ಕೆಳಕ್ಕೆ ಒಯ್ದಿದ್ದನಂತೆ. ನಾವು ನಡೆದು ದಾಟಿದ್ದೆಂದು ಅವನು ಮೊದಲು ನಂಬಲಿಲ್ಲ. ನೀರೊಳಗೆ ಒಂದು ಮೊಳ ಅಗಲದ ಹಾಸುಗಲ್ಲು ಇದೆ, ನಮ್ಮೂರ ಕಡೆ ಬರುವಾಗ ನಟ್ಟನಡುವೆ ಎಡಕ್ಕೆ ಹೊರಳುತ್ತದೆ, ನೇರ ಒಂದು ಹೆಜ್ಜೆ ಇಟ್ಟರೂ ಮಡುವೇ ಗತಿ, ಬೇಸಿಗೆಯಲ್ಲಿ ಅದು ಕಣ್ಣಿಗೆ ಕಾಣುತ್ತದೆ, ನೀರು ಏರಿದಾಗ ಅದರ ಗುರುತು ತನ್ನ ಅಪ್ಪನಿಗೆ ಗೊತ್ತಿತ್ತು, ತನಗೂ ಪೂರಾ ಗೊತ್ತಿಲ್ಲ ಎಂದ.

ದಡ್ಡಿಗಳಲ್ಲಿ ಕೇಳುತ್ತ ಹೋದೆ. ಎಲ್ಲರೂ ನಾನಲ್ಲ ನಾನಲ್ಲ ಎಂದರು. ಕೊನೆಗೆ ಒಬ್ಬ ಹಿರಿಯ ಕುರುಬ, ನೂಲು ತೆಗೆಯುತ್ತ ಕೂತಿದ್ದವನು, ನನ್ನ ಮಾತು ಕೇಳಿ ನಕ್ಕ.

"ಮಾಸ್ತರ, ಸಾಲ್ಯಾಗ ಕುರೀ ಪಾಠ ಕಲಸಂಗಿಲ್ಲೇನ್ರಿ? ಮಂಜ ಬಿತ್ತಂದ್ರ ತ್ವಾಳ ಬರತಾವ. ಅಂಥಾ ಹೊತ್ತಿನ್ಯಾಗ ನಮ್ಮಾಂವ ಒಬ್ಬನೂ ದಡ್ಡಿ ಬಿಟ್ಟ ಕದಲಂಗಿಲ್ಲ. ಯಾರೋ ಒಬ್ರ ಸಲುವಾಗಿ ಕುರಿ ಎಲ್ಲಾ ಬಿಟ್ಟ ಹೊಳಿಗಿ ಇಳ್ಯಾಕ ಅವಗೇನ ಹುಚ್ಚ ಹಿಡದಿತ್ತೇನ?"

ಸರಿ, ಮಾರ್ಥಾಬಾಯಿಯನ್ನೇ ಕೇಳೋಣವೆಂದು ಅವಳ ಮನೆಗೆ ಹೋದೆ. ಅವಳು ಕಟ್ಟೆಯ ಮೇಲೆ ಕೂತು ತಪಕೀರಿನ ಡಬ್ಬಿ ತೆಗೆಯುತ್ತಿದ್ದಳು. "ಬಾಯಾರ, ನಿಮ್ಮ ಕುರುಬ ಎಲ್ಲಿರತಾನ್ರಿ? ಅವಗ ರುಮಾಲ ತಂದೇನಿ" ಎಂದೆ.

ಅವಳು ಒಂದು ಕ್ಷಣ ನನ್ನನ್ನು ನೋಡಿ, ಆಮೇಲೆ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. "ಮಾಸ್ತರ, ಮಾಸ್ತರ! ನಾ ಅಂದದ್ದು ಪ್ರಭೂಗ್ರಿ! ನಾವು ಯೇಸುಸ್ವಾಮಿಗೆ ಕುರುಬ ಅಂತೇವಿ, ನಾವೆಲ್ಲಾ ಅವನ ಕುರಿ. ಅವತ್ತ ನನಗೂ ಅಂಜಿಕಿ ಬಂದಿತ್ತು, ನನ್ನಷ್ಟಕ್ಕ ನಾ ಧೈರ್ಯಾ ತಗೊಳ್ಳಾಕ ಅಂದೆ. ನೀವು ರುಮಾಲ ತಂದೀರಿ!"

ನಾನೂ ನಗಬೇಕಾಗಿತ್ತು. "ಆದ್ರ ನಾ ನೋಡೇನಲ್ರಿ" ಎಂದೆ. "ಕಂಬಳಿ ಹೊತ್ತಕೊಂಡಿದ್ದ. ನಾ ಅವನ ಹಿಂದಽ ಬಂದೆ. ನೀವು ನೋಡಲಿಲ್ಲೇನು?"

ಅವಳ ನಗು ನಿಂತಿತು. ಕನ್ನಡಕ ಕಟ್ಟಿಟ್ಟಿದ್ದರಿಂದ ತನಗೆ ನನ್ನ ಬೆನ್ನು ಬಿಟ್ಟು ಏನೂ ಕಾಣಲಿಲ್ಲ, ಮಾಸ್ತರರಿಗೆ ಹೊಳೆ ಚೆನ್ನಾಗಿ ಗೊತ್ತಿದೆ ಎಂದುಕೊಂಡು ನನ್ನ ಹಿಂದೆ ಬಂದೆ ಎಂದಳು. ಹೊಳೆಯ ನಡುವೆ ಕೋಲು ಬಡಿದ ಸದ್ದು ಮಾತ್ರ ಅವಳಿಗೂ ಕೇಳಿತ್ತು. ಅದು ನನ್ನ ಕೈಯ ಕೋಲೆಂದು ತಿಳಿದಿದ್ದಳು. ನನ್ನ ಕೈಯಲ್ಲಿ ಕೋಲಿರಲಿಲ್ಲ. ಎರಡೂ ಕೈಯಿಂದ ಅವಳ ಪೆಟ್ಟಿಗೆ ಹಿಡಿದಿದ್ದೆ.

ನಾನು ಹಿರಿಯ ಕುರುಬ ಹೇಳಿದ್ದನ್ನೂ ಹೇಳಿದೆ, ಒಬ್ಬರ ಸಲುವಾಗಿ ಕುರಿ ಎಲ್ಲ ಬಿಟ್ಟು ಬರಲು ಯಾವ ಕುರುಬನಿಗೂ ಹುಚ್ಚು ಹಿಡಿದಿಲ್ಲ ಎಂದು. ಅದನ್ನು ಕೇಳಿ ಅವಳ ಮುಖದ ಕಳೆಯೇ ಬೇರೆಯಾಯಿತು. ತಮ್ಮಲ್ಲಿ ಅಂಥದೇ ಒಂದು ಮಾತಿದೆ, ತಪ್ಪಿಸಿಕೊಂಡ ಒಂದೇ ಕುರಿಗಾಗಿ ಉಳಿದವನ್ನೆಲ್ಲ ಬಿಟ್ಟು ಹೋದ ಕುರುಬನದು ಎಂದು ಮೆಲ್ಲಗೆ ಹೇಳಿದಳು. ಆಮೇಲೆ ಸರ್ಕಾರಿ ಪಂಚನಾಮೆಯಂತೆ ಒಂದೊಂದೇ ಕೇಳಿದಳು. ಎತ್ತರ ಎಷ್ಟಿದ್ದ, ಮಾತಾಡಿದನೇ, ಹೊರಳಿ ನೋಡಿದನೇ. ನನಗೆ ಗೊತ್ತಿದ್ದಷ್ಟು ಹೇಳಿದೆ. ಕೊನೆಗೆ ದನಿ ತಗ್ಗಿಸಿದಳು.

"ಅವನ ಕೈ ನೋಡಿದ್ರೇನು?"

ನನಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಂಥ ಹೊತ್ತಿನಲ್ಲಿ ಕೈ ಯಾರು ನೋಡುತ್ತಾರೆ? ಇಲ್ಲ ಎಂದೆ. ಅವಳು ಎದ್ದು ಒಳಗೆ ಹೋದಳು. ಬಹಳ ಹೊತ್ತು ಒಳಗಿನಿಂದ ಪಾತ್ರೆ ತಿಕ್ಕುವ ಸದ್ದು ಬರುತ್ತಿತ್ತು, ಒಂದೇ ಪಾತ್ರೆಯನ್ನು ಮತ್ತೆ ಮತ್ತೆ ತಿಕ್ಕಿದ ಹಾಗೆ. ಎದ್ದು ಹೋಗಲೂ ಆಗದೆ ಕೂರಲೂ ಆಗದೆ ನಾನು ರುಮಾಲು ಹಿಡಿದು ಕಟ್ಟೆಯ ಮೇಲೇ ಇದ್ದೆ. ಅವಳು ಮುಖ ತೊಳೆದುಕೊಂಡು, ಎರಡು ಕಪ್ಪು ಚಹಾ ಹಿಡಿದು ಬಂದಳು. ಕ್ರೈಸ್ತರ ಮನೆಯಲ್ಲಿ ನಾನು ಕುಡಿದ ಮೊದಲ ಚಹಾ ಅದು.

"ಖರೆ ಹೇಳತೇನಿ ಮಾಸ್ತರ, ನನಗ ಸಿಟ್ಟ ಬಂದಿತ್ತು" ಎಂದಳು. "ಇಷ್ಟ ವರ್ಷ ಅವನ ಹೆಸರ ಹಿಡದ ನಡದಾಕಿ ನಾನು. ಕಂಡದ್ದ ನಿಮಗ. ಒಳಗ ಹೋಗಿ ಜಗಳಾ ಮಾಡಿದೆ ಅವನ ಕೂಡ. ಆಮ್ಯಾಲ ಮನಸ್ಸ ತಣ್ಣಗಾತು. ನನಗ ನೋಡೂದ ಬೇಕಾಗಿರಲಿಲ್ರಿ. ನಿಮಗ ಬೇಕಾಗಿತ್ತು, ಇಲ್ಲಂದ್ರ ನೀವು ನೀರಿಗಿ ಇಳೀತಿರಲಿಲ್ಲ."

ರುಮಾಲನ್ನು ಏನು ಮಾಡಲಿ ಎಂದು ಕೇಳಿದೆ. ಯಾರಾದರೂ ಚಳಿಯಲ್ಲಿದ್ದವರಿಗೆ ಕೊಟ್ಟುಬಿಡಿ ಎಂದಳು. ಹಾಗೇ ಮಾಡಿದೆ.

ಮುಂದೆ ನನಗೆ ಮೂಡಲಗಿಗೆ ವರ್ಗವಾಯಿತು. ಮಾರ್ಥಾಬಾಯಿ ತೀರಿಕೊಂಡ ಸುದ್ದಿ ಅಲ್ಲಿಗೇ ಬಂತು. ಸಾಯುವ ಹಿಂದಿನ ದಿನವೂ ನೆರೆಯವರ ಕೂಡ ಚೇಷ್ಟೆ ಮಾಡುತ್ತಿದ್ದಳಂತೆ, ನಿದ್ದೆಯಲ್ಲೇ ಹೋದಳಂತೆ. ಅದೇ ವರ್ಷ ಪದ್ಮಾ ವಿಷಮಜ್ವರದಿಂದ ಮಲಗಿದಳು. ಹನ್ನೆರಡನೆಯ ದಿನ ಬೆಳಗ್ಗೆ ಊರೆಲ್ಲ ಮಂಜು ಮುಸುಕಿತ್ತು. ನಾನು ಬಾಗಿಲಲ್ಲಿ ನಿಂತು ಮಂಜಿನೊಳಗೆ ಕಣ್ಣು ನೆಟ್ಟು ಕಾದೆ. ಯಾರಿಗಾಗಿ ಕಾದೆನೆಂದು ನೀವು ಊಹಿಸಬಹುದು. ಯಾರೂ ಬರಲಿಲ್ಲ. ಒಳಗೆ ಅವ್ವ ನನ್ನ ಹೆಸರು ಹಿಡಿದು ಕೂಗಿದಳು, ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇದಾಗಿ ಎರಡು ವರ್ಷಕ್ಕೆ, ಗೋಕಾಕದಲ್ಲಿ ನನ್ನ ಜೊತೆಯ ಕ್ರೈಸ್ತ ಮಾಸ್ತರರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಗೋಡೆಯ ಮೇಲೆ ಒಂದು ಚಿತ್ರವಿತ್ತು. ಎರಡೂ ಅಂಗೈಗಳನ್ನು ಮುಂದೆ ಚಾಚಿ ನಿಂತ ಯೇಸುವಿನದು. ಅಂಗೈಗಳ ನಡುವೆ ಕೆಂಪು ಗಾಯ. ಇದೇನೆಂದು ಕೇಳಿದೆ. ಶಿಲುಬೆಗೆ ಮೊಳೆ ಹೊಡೆದ ಗುರುತು, ಸತ್ತು ಎದ್ದು ಬಂದಾಗ ತನ್ನವರು ಗುರುತು ಹಿಡಿದದ್ದು ಅದರಿಂದಲೇ ಎಂದು ಅವರು ಉಪ್ಪಿನಕಾಯಿ ಬಡಿಸುತ್ತ ಹೇಳಿದರು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮಾರ್ಥಾಬಾಯಿ ಏನು ಕೇಳಿದ್ದಳೆಂಬುದು ನನಗೆ ತಿಳಿದದ್ದು ಆಗ.

ನಾನು ಕ್ರೈಸ್ತನಾಗಲಿಲ್ಲ. ಒಳ್ಳೆಯ ಜೈನನೂ ಆಗಲಿಲ್ಲ. ಕುರುಬ ಎಂಬ ಮಾತು ಕಿವಿಗೆ ಬಿದ್ದದ್ದರಿಂದ ಅಂಜಿದ ಕಣ್ಣಿಗೆ ಕುರುಬ ಕಂಡ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ, ಶಾಲೆಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಹಾಗೆ ನೂರು ಸಲ. ಆದರೆ ಹಾಸುಗಲ್ಲು ಎಡಕ್ಕೆ ಹೊರಳುವುದು ನನ್ನ ಕಣ್ಣಿಗೆ ಹೇಗೆ ಗೊತ್ತಿತ್ತು? ಮಾರ್ಥಾಬಾಯಿಗೆ ಕೇಳಿದ ಸದ್ದು ಯಾವುದು? ಕಂಡವನು ನಾನು, ಕಾಣದ ಅವಳು ನಿಶ್ಚಿಂತೆಯಿಂದ ಮಲಗಿ ಹೋದಳು. ನನಗೆ ಇಂದಿಗೂ ಮಂಜಿನ ಬೆಳಗು ಎಂದರೆ ಎದೆ ಹೊಡೆದುಕೊಳ್ಳುತ್ತದೆ.

ಕಣ್ಣು ಮುಚ್ಚಿದರೆ ಎಲ್ಲವೂ ಹಾಗೇ ಇದೆ. ತೊಡೆಯ ಮಟ್ಟದ ನೀರು, ಒದ್ದೆ ಕಂಬಳಿಯ ಅಂಚು, ನೀರಿನಿಂದ ಮೇಲೆ ಬರುವ ಕೋಲು. ಕೋಲಿನ ಗುಂಟ ಮೆಲ್ಲಗೆ ಮೇಲೇರುತ್ತೇನೆ, ಹಿಡಿದ ಕೈ ಇರಬೇಕಾದ ಕಡೆಗೆ. ಅಲ್ಲಿಗೆ ಬರುವಷ್ಟರಲ್ಲಿ ಏನೂ ಕಾಣದಾಗುತ್ತದೆ. ಆ ದಿನ ಇನ್ನೆರಡು ಹೆಜ್ಜೆ ಚುರುಕಾಗಿ ಹಾಕಿದ್ದರೆ ಅವನ ಸಮಕ್ಕೆ ಬರುತ್ತಿದ್ದೆ, ನೋಡುತ್ತಿದ್ದೆ. ನಾನು ಅಂಜಿ ಹಿಂದೆಯೇ ಉಳಿದೆ.